ಬೃಹತ್ಸಂಗ್ರಹಗಳಲ್ಲಿ ಅಭಿಜ್ಞಾನವೂ ವಿನ್ಯಾಸವೂ: ಶಾಸನಸಮುಚ್ಚಯದ ದೃಷ್ಟಾಂತ

ಸಂಗ್ರಹಿಸುವುದು ಒಂದು ಕಾರ್ಯ. ಸಂಗ್ರಹಿಸಿದುದನ್ನು ಬೇಕಾದಾಗ ಹುಡುಕಿ ತೆಗೆಯುವುದು ಮತ್ತೊಂದು ಕಾರ್ಯ. ಹತ್ತು ಓಲೆಯ ಕಟ್ಟುಗಳಿರುವ ಮನೆಯಲ್ಲಿ ಈ ಎರಡಕ್ಕೂ ಇರುವ ಭೇದವು ತೋರುವುದಿಲ್ಲ. ಮನೆಯ ಯಜಮಾನನು ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿಯಾದರೂ ತನಗೆ ಬೇಕಾದ ಗ್ರಂಥವನ್ನು ಪಡೆಯಬಲ್ಲನು. ಕಟ್ಟುಗಳು ಹತ್ತು ಸಾವಿರವಾದರೆ, ಕ್ರಮವಿಲ್ಲದ ಸಂಗ್ರಹವು ಇದ್ದೂ ಇಲ್ಲದಂತೆಯೇ ಸರಿ.

ಈಗ ಶಾಸನಗಳು, ಹಸ್ತಪ್ರತಿಗಳು, ಕೋಶಗಳು ಇವೆಲ್ಲವೂ ಗಣಕಯಂತ್ರದ ಸಂಗ್ರಹಗಳನ್ನು ಸೇರುತ್ತಿವೆ. ಇವುಗಳಲ್ಲಿ ‘ಆಬ್ಜೆಕ್ಟ್ ಡೇಟಾಬೇಸ್’ ಎಂಬ ಒಂದು ಪ್ರಭೇದವುಂಟು. ಅದರಲ್ಲಿ ಒಂದು ಶಾಸನದ ಪಾಠ, ಸ್ಥಳ, ಕಾಲ, ಛಾಯಾಚಿತ್ರ ಇವೆಲ್ಲವೂ ಬೇರೆ ಬೇರೆ ಪಟ್ಟಿಗಳಲ್ಲಿ ಚದುರದೆ ಒಂದೇ ವಸ್ತುವಾಗಿ ನಿಲ್ಲುತ್ತವೆ. ಆ ವಸ್ತುವು ಅರಸನನ್ನೋ ಊರನ್ನೋ ಪ್ರತಿನಿಧಿಸುವ ಇತರ ವಸ್ತುಗಳನ್ನು ನೇರವಾಗಿ ನಿರ್ದೇಶಿಸುತ್ತದೆ. ಆದಕಾರಣ ಇದನ್ನು ವಸ್ತುಸಂಗ್ರಹವೆಂದು ಕರೆಯಬಹುದು. ಇಂತಹ ಸಂಗ್ರಹವನ್ನು ಕಟ್ಟುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಪ್ರತಿಯೊಂದು ವಸ್ತುವನ್ನೂ ಯಾವ ಗುರುತಿನಿಂದ ಕರೆಯಬೇಕು? ಆ ಗುರುತುಗಳನ್ನು ಯಾವ ರೀತಿಯಲ್ಲಿ ಜೋಡಿಸಿಡಬೇಕು? ಮೊದಲನೆಯದನ್ನು ಆ ಶಾಸ್ತ್ರದವರು ‘ಕೀ’ ಎನ್ನುವರು. ಇಲ್ಲಿ ಅದನ್ನು ಅಭಿಜ್ಞಾನವೆಂದು ಕರೆಯಲಾಗಿದೆ. ಎರಡನೆಯದಕ್ಕೆ ವಿನ್ಯಾಸವೆಂಬ ಹೆಸರನ್ನು ಇಟ್ಟುಕೊಂಡಿದೆ.

ಸಾಮಾನ್ಯವಾಗಿ ಎರಡನೆಯ ಪ್ರಶ್ನೆಗೇ ಹೆಚ್ಚು ಗಮನವು ಸಲ್ಲುತ್ತದೆ. ಏಕೆಂದರೆ ಅದರ ಫಲವು ಶೀಘ್ರತೆಯ ರೂಪದಲ್ಲಿ ಕೂಡಲೆ ಪ್ರತ್ಯಕ್ಷವಾಗುತ್ತದೆ. ಆದರೆ ವಿನ್ಯಾಸದಲ್ಲಿ ತಪ್ಪಿದರೆ ಸಂಗ್ರಹಕಾರನು ಒಂದು ದಿನ ಎಲ್ಲವನ್ನೂ ಮರುಜೋಡಿಸಿ ಸರಿಪಡಿಸಬಹುದು. ಅಭಿಜ್ಞಾನದಲ್ಲಿ ತಪ್ಪಿದರೆ ಆ ತಪ್ಪು ಇತರರ ಗ್ರಂಥಗಳಲ್ಲಿ, ಟಿಪ್ಪಣಿಗಳಲ್ಲಿ, ವಾದಗಳಲ್ಲಿ ಹರಡಿಹೋಗಿರುತ್ತದೆ. ಅದನ್ನು ಹಿಂದಕ್ಕೆ ಕರೆಯುವುದು ಯಾರಿಂದಲೂ ಆಗದು. ಈ ಭೇದವನ್ನು ಕನ್ನಡನಾಡಿನ ಶಾಸನಸಂಪುಟಗಳ ದೃಷ್ಟಾಂತದಿಂದ ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ.

೧. ಅಭಿಜ್ಞಾನದ ಲಕ್ಷಣ

ಅಭಿಜ್ಞಾನವೆಂಬುದು ಒಂದು ವಸ್ತುವನ್ನು ಉಳಿದೆಲ್ಲ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಗುರುತು. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಹೇಳಿರುವ ಮೂರು ದೋಷಗಳು ಇದಕ್ಕೂ ಅನ್ವಯಿಸುತ್ತವೆ. ಗೋವಿಗೆ ‘ಕೊಂಬುಳ್ಳದ್ದು’ ಎಂಬ ಲಕ್ಷಣವನ್ನು ಹೇಳಿದರೆ ಅದು ಎಮ್ಮೆಗೂ ಸಲ್ಲುವುದರಿಂದ ಅತಿವ್ಯಾಪ್ತಿ. ‘ಕಪಿಲವರ್ಣದ್ದು’ ಎಂದರೆ ಬಿಳಿಯ ಗೋವು ಹೊರಗುಳಿಯುವುದರಿಂದ ಅವ್ಯಾಪ್ತಿ. ‘ಒಂದೇ ಗೊರಸುಳ್ಳದ್ದು’ ಎಂದರೆ ಯಾವ ಗೋವಿನಲ್ಲಿಯೂ ಇಲ್ಲದುದರಿಂದ ಅಸಂಭವ. ಶಾಸನಕ್ಕೆ ಶಕವರ್ಷವನ್ನೇ ಅಭಿಜ್ಞಾನವಾಗಿ ಇಟ್ಟುಕೊಂಡರೆ ಒಂದೇ ವರ್ಷದ ಶಾಸನಗಳು ಅನೇಕವಿರುವುದರಿಂದ ಅತಿವ್ಯಾಪ್ತಿಯೂ, ಕಾಲವನ್ನು ಹೇಳದ ಶಾಸನಗಳೂ ಅನೇಕವಿರುವುದರಿಂದ ಅವ್ಯಾಪ್ತಿಯೂ ಒಟ್ಟಿಗೆ ಪ್ರಾಪ್ತವಾಗುತ್ತವೆ. ಶಾಸನದ ಪಾಠವನ್ನೇ ಅಭಿಜ್ಞಾನವೆನ್ನೋಣವೆಂದರೆ, ಒಂದೇ ಪಾಠವುಳ್ಳ ಎರಡು ಶಿಲೆಗಳು ದೊರೆತಾಗ ಅದೂ ಸೋಲುತ್ತದೆ: ಪಾಠದ ಸಾಮ್ಯವು ಬೇರೆ, ವಸ್ತುವಿನ ಏಕತ್ವವು ಬೇರೆ.

ಇವುಗಳ ಜೊತೆಗೆ ಸಂಗ್ರಹಕಾರನು ನಾಲ್ಕನೆಯ ದೋಷವೊಂದನ್ನೂ ಎಣಿಸಬೇಕಾಗಿದೆ, ಅದು ಅಸ್ಥೈರ್ಯ. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ ‘ಅಗೋ, ಕಾಗೆ ಕುಳಿತಿರುವ ಮನೆ’ ಎಂದು ತೋರಿಸುವುದು ಶಾಸ್ತ್ರಗಳಲ್ಲಿ ಉಪಲಕ್ಷಣಕ್ಕೆ ಪ್ರಸಿದ್ಧವಾದ ಉದಾಹರಣೆ. ಆ ಕ್ಷಣಕ್ಕೆ ಆ ಗುರುತು ನಿರ್ದುಷ್ಟ. ಕಾಗೆ ಒಂದೇ, ಮನೆಯೂ ಒಂದೇ. ಮನೆಯನ್ನು ಕಣ್ಣಾರೆ ಕಂಡವನಿಗೆ ಕಾಗೆ ಹಾರಿಹೋದರೂ ಚಿಂತೆಯಿಲ್ಲ. ಆದರೆ ‘ಕಾಗೆ ಕುಳಿತಿರುವ ಮನೆ’ ಎಂದು ಓಲೆಯಲ್ಲಿ ಬರೆದು ಪರಊರಿಗೆ ಕಳುಹಿಸಿದರೆ, ಓಲೆ ಮುಟ್ಟುವ ವೇಳೆಗೆ ಆ ಕಾಗೆ ಬೇರೊಬ್ಬನ ಮನೆಯ ಮೇಲೆ ಕುಳಿತಿರಬಹುದು. ಸಂಗ್ರಹದ ಅಭಿಜ್ಞಾನವು ಯಾವಾಗಲೂ ಹೀಗೆ ದೂರಕ್ಕೆ ಬರೆದು ಕಳುಹಿಸುವ ಗುರುತೇ ಆಗಿದೆ. ಆದುದರಿಂದ ವಸ್ತುವಿನ ಮಾರ್ಪಡಬಹುದಾದ ಯಾವ ಧರ್ಮವೂ ಅಭಿಜ್ಞಾನದ ಭಾಗವಾಗಿರಕೂಡದು.

೨. ಶಾಸನಾಂಕಗಳ ವೃತ್ತಾಂತ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಕನ್ನಡ ಸಂಶೋಧನೆಗೆ ಹಾಕಿದ ಅಸ್ತಿಭಾರವು ಸರ್ವವಿದಿತವಾದುದು. ಮೊದಲನೆಯದಾದ ಕೊಡಗಿನ ಸಂಪುಟವು ೧೮೮೬ರಲ್ಲಿಯೂ, ಶ್ರವಣಬೆಳ್ಗೊಳದ ಸಂಪುಟವು ೧೮೮೯ರಲ್ಲಿಯೂ ಹೊರಬಿದ್ದವು. ಮೈಸೂರು ಸಂಸ್ಥಾನದ ಜಿಲ್ಲೆಗಳ ಸಂಪುಟಗಳು ಆ ಬಳಿಕ ಬಂದು, ಇಪ್ಪತ್ತನೆಯ ಶತಮಾನದ ಆದಿಭಾಗದ ವೇಳೆಗೆ ಸುಮಾರು ೯,೦೦೦ ಶಾಸನಗಳು ವಿದ್ವಾಂಸರ ಕೈಗೆ ದೊರೆತವು. ಜಿಲ್ಲೆಗೆ ಒಂದು ಅಥವಾ ಎರಡು ಸಂಪುಟ, ಸಂಪುಟದೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಅಂಕ ಎಂಬುದು ಅವರು ಹಿಡಿದ ಕ್ರಮ. ‘ಬೇಲೂರು ಇಷ್ಟನೆಯದು’, ‘ನಾಗಮಂಗಲ ಇಷ್ಟನೆಯದು’ ಎಂದು ಉಲ್ಲೇಖಿಸುವುದು ವಿದ್ವತ್ಪ್ರಪಂಚದಲ್ಲಿ ರೂಢಿಯಾಯಿತು. ಊರೂರು ತಿರುಗಿ ಕಲ್ಲುಗಳನ್ನು ಹುಡುಕುವವರಿಗೆ ಅದಕ್ಕಿಂತ ಸಹಜವಾದ ಕ್ರಮವು ಬೇರೊಂದಿರಲಾರದು; ಅಂಕವನ್ನು ಕೇಳಿದೊಡನೆ ಕಲ್ಲು ಯಾವ ಸೀಮೆಯದೆಂದು ತಿಳಿಯುತ್ತಿತ್ತು.

ಆದರೆ ಆ ಗುಣದಲ್ಲಿಯೇ ದೋಷದ ಬೀಜವೂ ಅಡಗಿತ್ತು. ನಾಗಮಂಗಲದ ಶಾಸನಗಳು ೧೮೯೮ರಲ್ಲಿ ಮೈಸೂರು ಜಿಲ್ಲೆಯ ಸಂಪುಟದಲ್ಲಿ ಅಚ್ಚಾದವು. ೧೯೩೯ರಲ್ಲಿ ಮಂಡ್ಯ ಜಿಲ್ಲೆಯು ಏರ್ಪಟ್ಟಾಗ ಆ ತಾಲ್ಲೂಕು ಅದಕ್ಕೆ ಸೇರಿತು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ೧೯೦೨ರ ಶಿವಮೊಗ್ಗ ಸಂಪುಟದಲ್ಲಿವೆ; ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಹುಟ್ಟಿದಾಗ ಆ ಎರಡೂ ಅಲ್ಲಿಗೆ ಹೋದವು. ಶಿಲೆಗಳು ಒಂದಂಗುಲವೂ ಕದಲಲಿಲ್ಲ. ಕದಲಿದ್ದು ಆಡಳಿತದ ಗಡಿ. ಆದರೂ ‘ಶಿವಮೊಗ್ಗದ ಸಂಪುಟ’ ಎಂಬ ಗುರುತನ್ನು ಹಿಡಿದು ಚನ್ನಗಿರಿಯ ಶಾಸನವನ್ನು ಹುಡುಕಬೇಕೆಂಬುದನ್ನು ಈಗಿನ ವಿದ್ಯಾರ್ಥಿಗೆ ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿದೆ.

ಕೆಲವು ವೇಳೆ ಶಿಲೆಯೇ ಕದಲುವುದೂ ಉಂಟು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದ ಮೂಲಶಿಲೆಯು ಮೈಸೂರಿನಲ್ಲಿ ರಕ್ಷಿತವಾಯಿತು. ಅದು ದೊರೆತಾಗ ಹಾಸನದ ಸಂಪುಟವು ಅಚ್ಚಾಗಿ ಮೂವತ್ತು ವರ್ಷಗಳಿಗೂ ಮೇಲೆ ಸಂದಿದ್ದವು; ಅದರ ಅಂಕಗಳ ಶ್ರೇಣಿಯಲ್ಲಿ ಹೊಸ ಶಾಸನಕ್ಕೆ ಸ್ಥಳವಿರಲಿಲ್ಲ. ಆದುದರಿಂದ ಕನ್ನಡದ ಅತ್ಯಂತ ಪ್ರಸಿದ್ಧವಾದ ಈ ಶಾಸನವನ್ನು ಮೈಸೂರು ಪ್ರಾಕ್ತನ ಇಲಾಖೆಯ ವಾರ್ಷಿಕ ವರದಿಯ ವರ್ಷದಿಂದ ಉಲ್ಲೇಖಿಸುವುದು ವಾಡಿಕೆಯಾಯಿತು. ಒಂದೇ ತಾಲ್ಲೂಕಿನ ವಸ್ತುಗಳಿಗೆ ಎರಡು ಜಾತಿಯ ಅಭಿಜ್ಞಾನಗಳು ಹೀಗೆ ಪ್ರಾಪ್ತವಾದವು.

ಇದಕ್ಕಿಂತ ಗಂಭೀರವಾದುದು ಶ್ರವಣಬೆಳ್ಗೊಳದ ಪ್ರಕರಣ. ೧೮೮೯ರ ಆವೃತ್ತಿಯಲ್ಲಿ ೧೪೪ ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ಆ ಕ್ಷೇತ್ರವನ್ನು ಮರುಶೋಧಿಸಿ ೧೯೨೩ರಲ್ಲಿ ಪ್ರಕಟಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಅವು ೫೦೦ ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಹೊರತಂದ ಆವೃತ್ತಿಯಲ್ಲಿ ೫೭೩. ಹೊಸ ಶಾಸನಗಳನ್ನು ಅವು ಇರುವ ಸ್ಥಳದ ಕ್ರಮದಲ್ಲಿ ನಡುನಡುವೆ ಸೇರಿಸಿದಾಗ ಹಳೆಯ ಅಂಕಗಳು ಮುಂದಕ್ಕೆ ಸರಿದವು. ಸಮಂತಭದ್ರ, ಅಕಲಂಕ ಮುಂತಾದ ಜೈನಾಚಾರ್ಯರನ್ನು ಹೆಸರಿಸುವ, ಶಕ ೧೦೫೦ರ ಮಲ್ಲಿಷೇಣಪ್ರಶಸ್ತಿಯು ರೈಸ್ ಅವರಲ್ಲಿ ೫೪ನೆಯದು, ನರಸಿಂಹಾಚಾರ್ಯರಲ್ಲಿ ೬೭ನೆಯದು. ೧೯೨೩ಕ್ಕೆ ಮೊದಲು ಹುಟ್ಟಿದ ಚರ್ಚೆಯೊಂದರಲ್ಲಿ ‘ಶ್ರವಣಬೆಳ್ಗೊಳ ೫೪’ ಎಂಬುದನ್ನು ಓದಿ, ಪರಿಷ್ಕೃತ ಸಂಪುಟವನ್ನು ತೆರೆದು ೫೪ನೆಯದನ್ನು ನೋಡುವವನಿಗೆ ಬರಿಯ ಪುಟವು ಎದುರಾಗುವುದಿಲ್ಲ. ಮತ್ತೊಂದು ಶಾಸನವು ಎದುರಾಗುತ್ತದೆ. ಅಭಿಜ್ಞಾನವು ವಸ್ತುವನ್ನು ತೋರಿಸದಿದ್ದರೆ ಓದುಗನು ಎಚ್ಚರಗೊಳ್ಳುವನು. ಬೇರೆ ವಸ್ತುವನ್ನು ತೋರಿಸಿದರೆ ಮೋಸಹೋಗುವನು. ಮೊದಲನೆಯದು ಅಜ್ಞಾನ, ಎರಡನೆಯದು ಭ್ರಮೆ. ಭ್ರಮೆಯೇ ಹೆಚ್ಚು ಅನರ್ಥಕಾರಿ.

ನರಸಿಂಹಾಚಾರ್ಯರು ಇದನ್ನು ಚೆನ್ನಾಗಿ ಅರಿತಿದ್ದರು. ಅವರು ಹೊಸ ಅಂಕದ ಪಕ್ಕದಲ್ಲಿಯೇ ಹಳೆಯ ಅಂಕವನ್ನು ಕಂಸದೊಳಗೆ ಮುದ್ರಿಸಿದರು: ೬೭ (೫೪) ಎಂಬ ರೀತಿಯಲ್ಲಿ. ಈ ಸಣ್ಣ ಕಂಸವು ಹಳೆಯ ವಾಙ್ಮಯಕ್ಕೂ ಹೊಸ ಆವೃತ್ತಿಗೂ ನಡುವೆ ಇರುವ ಸೇತುವೆ. ಗಣಕಸಂಗ್ರಹವನ್ನು ಕಟ್ಟುವವರು ಮೊತ್ತಮೊದಲು ಕಲಿಯಬೇಕಾದ ಪಾಠವು ಇಲ್ಲಿಯೇ ಇದೆ.

ಪ್ರತಿದೃಷ್ಟಾಂತವಾಗಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗವನ್ನು ನೋಡಬಹುದು. ಮದ್ರಾಸು ಅಧಿಪತ್ಯದ ಕನ್ನಡ ಶಾಸನಗಳುಳ್ಳ ಆ ಭಾಗವು ೧೯೩೯ರಲ್ಲಿ ಪ್ರಕಟವಾಯಿತು. ಅಲ್ಲಿ ಅಂಕವು ಸಂಪುಟದ ಆದ್ಯಂತ ಏಕಶ್ರೇಣಿಯಲ್ಲಿ ನಡೆಯುತ್ತದೆ, ತಾಲ್ಲೂಕಿನ ಹೆಸರು ಅಂಕದೊಳಗೆ ಸೇರಿಲ್ಲ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಸೇರಿದಾಗ ಅಲ್ಲಿನ ಶಾಸನಗಳ ಅಂಕಗಳಿಗೆ ಯಾವ ಬಾಧೆಯೂ ತಟ್ಟಲಿಲ್ಲ. ಅಂಕವು ಏನನ್ನೂ ಹೇಳದಿದ್ದುದರಿಂದಲೇ ಅದು ಸುಳ್ಳಾಗಲಿಲ್ಲ.

೩. ವಿನ್ಯಾಸದ ಮೂರು ಮಾರ್ಗಗಳು

ಅಭಿಜ್ಞಾನವು ನಿಶ್ಚಿತವಾದ ಮೇಲೆ ಅವುಗಳನ್ನು ಜೋಡಿಸುವ ಮಾರ್ಗವನ್ನು ಯೋಚಿಸಬೇಕು. ಯಾವ ಜೋಡಣೆಯೂ ಇಲ್ಲದ ೯,೦೦೦ ಶಾಸನಗಳ ಪಟ್ಟಿಯಲ್ಲಿ ಒಂದನ್ನು ಹುಡುಕಲು ಸರಾಸರಿ ೪,೫೦೦ ಸಲ ಹೋಲಿಸಿ ನೋಡಬೇಕಾಗುತ್ತದೆ. ಇದನ್ನು ತಪ್ಪಿಸುವ ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು ಅನುಕ್ರಮ. ಅಭಿಜ್ಞಾನಗಳನ್ನು ಒಂದು ನಿಯತವಾದ ಕ್ರಮದಲ್ಲಿಟ್ಟು, ಮಧ್ಯವನ್ನು ನೋಡಿ, ಬೇಕಾದುದು ಹಿಂದಿದೆಯೋ ಮುಂದಿದೆಯೋ ಎಂದು ತಿಳಿದು, ಅರ್ಧವನ್ನು ಬಿಟ್ಟು ಉಳಿದರ್ಧದಲ್ಲಿ ಮತ್ತೆ ಹಾಗೆಯೇ ಮಾಡುತ್ತ ಹೋಗುವುದು. ೯,೦೦೦ಕ್ಕೆ ಹೆಚ್ಚೆಂದರೆ ೧೪ ಹೋಲಿಕೆಗಳು ಸಾಕು. ಹತ್ತು ಲಕ್ಷಕ್ಕೆ ೨೦. ನಮ್ಮ ಕೋಶಗಳಲ್ಲಿ ಅನುಕ್ರಮದ ಅನೇಕ ಪ್ರಭೇದಗಳಿವೆ. ಅಮರಕೋಶದಲ್ಲಿ ಪದಗಳು ಸ್ವರ್ಗ, ವ್ಯೋಮ, ದಿಕ್ಕು ಎಂದು ಅರ್ಥಾನುಸಾರಿಯಾದ ವರ್ಗಗಳಲ್ಲಿವೆ. ಕಂಠಸ್ಥ ಮಾಡಿದವನಿಗೆ ಅದು ಸುಲಭ, ಪುಸ್ತಕವನ್ನು ತೆರೆದು ಅಪರಿಚಿತ ಪದವನ್ನು ಹುಡುಕುವವನಿಗೆ ಕಷ್ಟ. ಅದೇ ಕೋಶದ ನಾನಾರ್ಥವರ್ಗದಲ್ಲಾದರೋ ಪದಗಳು ಕಾಂತ, ಖಾಂತ ಎಂದು ಅಂತ್ಯವ್ಯಂಜನದ ಕ್ರಮದಲ್ಲಿವೆ. ಕಿಟ್ಟೆಲರ ೧೮೯೪ರ ಕನ್ನಡ–ಇಂಗ್ಲಿಷ್ ನಿಘಂಟು ಆದ್ಯಕ್ಷರದ ಅಕಾರಾದಿಯನ್ನು ಅನುಸರಿಸಿದೆ. ಕೇಳುವವನ ಕೈಯಲ್ಲಿ ಪದದ ಯಾವ ತುದಿಯಿದೆ, ಅರ್ಥವಿದೆಯೋ ಅಕ್ಷರವಿದೆಯೋ ಎಂಬುದನ್ನು ನೋಡಿಯೇ ಅನುಕ್ರಮವನ್ನು ನಿರ್ಣಯಿಸಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಅನುಕ್ರಮದ ಕೊರತೆಯೆಂದರೆ, ನಡುವೆ ಹೊಸದೊಂದನ್ನು ಸೇರಿಸಬೇಕಾದಾಗ ಮುಂದಿನದೆಲ್ಲವನ್ನೂ ಸರಿಸಬೇಕಾಗುವುದು.

ಎರಡನೆಯದು ಗಣನ. ಅಭಿಜ್ಞಾನದಿಂದಲೇ ಒಂದು ನಿಯಮದ ಮೂಲಕ ಸಂಖ್ಯೆಯನ್ನು ಹುಟ್ಟಿಸಿ, ಆ ಸಂಖ್ಯೆಯ ಮನೆಯಲ್ಲಿಯೇ ವಸ್ತುವನ್ನಿಡುವುದು. ಹುಡುಕುವಾಗ ಹೋಲಿಸುತ್ತ ಹೋಗದೆ ಲೆಕ್ಕಮಾಡಿ ನೇರವಾಗಿ ಆ ಮನೆಗೆ ಹೋಗಬಹುದು. ಪಾಶ್ಚಾತ್ಯರಲ್ಲಿ ಇದಕ್ಕೆ ‘ಹ್ಯಾಷ್’ ಎಂದು ಹೆಸರು; ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಎಂಬವನು ೧೯೫೩ರಲ್ಲಿ ಇದನ್ನು ಸೂಚಿಸಿದನು. ಈ ಕ್ರಮದ ಸ್ವರೂಪವು ಕಟಪಯಾದಿಯನ್ನು ಬಲ್ಲವರಿಗೆ ಅಪರಿಚಿತವಲ್ಲ. ಕರ್ಣಾಟಕ ಸಂಗೀತದ ೭೨ ಮೇಳಗಳಲ್ಲಿ ಹೆಸರಿನ ಮೊದಲ ಎರಡು ಅಕ್ಷರಗಳಿಂದ ಮೇಳದ ಅಂಕವು ದೊರೆಯುತ್ತದೆ. ‘ಮಾಯಾಮಾಳವಗೌಳ’ದಲ್ಲಿ ಮಕಾರಕ್ಕೆ ೫, ಯಕಾರಕ್ಕೆ ೧, ತಿರುಗಿಸಿದರೆ ೧೫. ‘ಕನಕಾಂಗಿ’ಯಲ್ಲಿ ಕಕಾರಕ್ಕೆ ೧, ನಕಾರಕ್ಕೆ ಶೂನ್ಯ, ತಿರುಗಿಸಿದರೆ ೧.

ಆದರೆ ರೂಢಿಯಲ್ಲಿದ್ದ ಹೆಸರುಗಳೆಲ್ಲವೂ ಈ ಲೆಕ್ಕಕ್ಕೆ ಹೊಂದುವಂತಿರಲಿಲ್ಲ. ‘ಶಂಕರಾಭರಣ’ ಎಂಬುದನ್ನು ಹಾಗೆಯೇ ಗಣಿಸಿದರೆ ಶಕಾರಕ್ಕೆ ೫, ಕಕಾರಕ್ಕೆ ೧ ಆಗಿ ೧೫ ಬರುತ್ತದೆ. ಅದು ಮಾಯಾಮಾಳವಗೌಳದ ಮನೆ. ‘ಕಲ್ಯಾಣಿ’ಗೆ ೧೧ ಬರುತ್ತದೆ, ಅದು ಕೋಕಿಲಪ್ರಿಯದ ಮನೆ. ‘ತೋಡಿ’ಗೆ ೩೬ ಬರುತ್ತದೆ, ಅದು ಚಲನಾಟದ ಮನೆ. ಎರಡು ಅಭಿಜ್ಞಾನಗಳು ಒಂದೇ ಮನೆಗೆ ಬರುವ ಈ ದೋಷವನ್ನು ಸಂಕರವೆನ್ನಬಹುದು. ಇದನ್ನು ನೀಗುವುದಕ್ಕಾಗಿ ಹೆಸರಿಗೆ ಮುನ್ನೊತ್ತುಗಳು ಸೇರಿದವು: ‘ಧೀರಶಂಕರಾಭರಣ’ ೨೯, ‘ಮೇಚಕಲ್ಯಾಣಿ’ ೬೫, ‘ಹನುಮತೋಡಿ’ ೮. ಮೇಳಗಳು ೭೨ಕ್ಕೆ ಮಿತವಾಗಿದ್ದುದರಿಂದಲೂ ಹೆಸರನ್ನು ಬದಲಿಸುವ ಸ್ವಾತಂತ್ರ್ಯವಿದ್ದುದರಿಂದಲೂ ಅಲ್ಲಿ ಸಂಕರವು ಸಂಪೂರ್ಣವಾಗಿ ನಿವಾರಣೆಯಾಯಿತು. ಬೆಳೆಯುತ್ತಲೇ ಇರುವ ಸಂಗ್ರಹದಲ್ಲಿ ಈ ಎರಡು ಸೌಕರ್ಯಗಳೂ ಇಲ್ಲ. ಆದುದರಿಂದ ಗಣಕದ ಗಣನಕ್ರಮದಲ್ಲಿ ಒಂದೇ ಮನೆಗೆ ಬಂದವುಗಳನ್ನು ಅಲ್ಲಿಯೇ ಸಾಲಾಗಿಟ್ಟು, ಮೂಲ ಅಭಿಜ್ಞಾನವನ್ನು ಹೋಲಿಸಿ ಬೇರ್ಪಡಿಸುತ್ತಾರೆ. ಮನೆಗಳು ತುಂಬುತ್ತ ಬಂದಂತೆ ಮನೆಗಳ ಸಂಖ್ಯೆಯನ್ನು ಹೆಚ್ಚಿಸಿ ಎಲ್ಲವನ್ನೂ ಮರುಗಣಿಸುತ್ತಾರೆ. ನಿಯಮವು ವಸ್ತುಗಳನ್ನು ಸಮನಾಗಿ ಹಂಚದಿದ್ದರೆ ಈ ಕ್ರಮದಿಂದ ಪ್ರಯೋಜನವಿಲ್ಲ. ಹೇಮಚಂದ್ರನು ಅನೇಕಾರ್ಥಸಂಗ್ರಹದಲ್ಲಿ ಪದಗಳನ್ನು ಮೊದಲು ಅಕ್ಷರಸಂಖ್ಯೆಯಿಂದ ವಿಭಾಗಿಸಿದ್ದಾನೆ. ಭಾಷೆಯಲ್ಲಿ ಎರಡು ಮೂರು ಅಕ್ಷರಗಳ ಪದಗಳು ಬಹುಳ, ಆರಕ್ಷರದವು ವಿರಳ. ಆದುದರಿಂದ ಅದೊಂದೇ ಸಾಲದೆ ಒಳಗೆ ಅಂತ್ಯವ್ಯಂಜನದ ಕ್ರಮವನ್ನೂ ಇಡಬೇಕಾಯಿತು.

ಗಣನದ ಮತ್ತೊಂದು ಮಿತಿಯನ್ನು ನೆನಪಿಡಬೇಕು. ಅದು ‘ಇದೇ ಬೇಕು’ ಎಂಬ ಪ್ರಶ್ನೆಗೆ ಅತಿಶೀಘ್ರವಾಗಿ ಉತ್ತರಿಸುತ್ತದೆ. ‘ಶಕ ೧೦೫೦ರಿಂದ ೧೧೦೦ರವರೆಗಿನವೆಲ್ಲ ಬೇಕು’ ಎಂದರೆ ನಿರುತ್ತರವಾಗುತ್ತದೆ. ಪಕ್ಕಪಕ್ಕದ ವರ್ಷಗಳು ಗಣನದಲ್ಲಿ ಪಕ್ಕಪಕ್ಕದ ಮನೆಗಳಿಗೆ ಹೋಗಬೇಕೆಂಬ ನಿಯಮವಿಲ್ಲ.

ಮೂರನೆಯದು ವೃಕ್ಷ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಎಂಬಿಬ್ಬರು ೧೯೭೨ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಪ್ರಸಿದ್ಧವಾದ ‘ಬಿ-ಟ್ರೀ’ ಎಂಬುದು ಅನುಕ್ರಮದ ಗುಣವನ್ನು ಉಳಿಸಿಕೊಂಡು ಅದರ ಕೊರತೆಯನ್ನು ನೀಗಿಸುತ್ತದೆ. ಇದರಲ್ಲಿ ಅಭಿಜ್ಞಾನಗಳು ಸಣ್ಣ ಸಣ್ಣ ಪತ್ರಗಳಲ್ಲಿ ಕ್ರಮವಾಗಿರುತ್ತವೆ. ಪತ್ರಗಳ ಮೇಲೆ, ಯಾವ ಅಭಿಜ್ಞಾನವು ಯಾವ ಪತ್ರದಲ್ಲಿದೆಯೆಂದು ಹೇಳುವ ಕೊಂಬೆಗಳೂ, ಅವುಗಳ ಮೇಲೆ ಬುಡವೂ ಇರುತ್ತವೆ. ಪತ್ರವೊಂದು ತುಂಬಿದರೆ ಅದು ಎರಡಾಗಿ ಸೀಳುತ್ತದೆ. ಸಂಗ್ರಹದ ಉಳಿದ ಭಾಗವನ್ನು ಮುಟ್ಟಬೇಕಾಗಿಲ್ಲ. ಬುಡದಿಂದ ಎಲ್ಲ ಪತ್ರಗಳಿಗೂ ದೂರವು ಸಮಾನ. ಪ್ರತಿಯೊಂದು ಸಂಧಿಯಿಂದ ನೂರು ಕವಲುಗಳು ಒಡೆಯುವುವೆಂದು ಇಟ್ಟುಕೊಂಡರೆ ಮೂರು ಮೆಟ್ಟಿಲುಗಳಲ್ಲಿ ಹತ್ತು ಲಕ್ಷ ವಸ್ತುಗಳನ್ನೂ, ನಾಲ್ಕರಲ್ಲಿ ಹತ್ತು ಕೋಟಿ ವಸ್ತುಗಳನ್ನೂ ಮುಟ್ಟಬಹುದು. ಒಂದು ವರ್ಷವನ್ನು ಕಂಡುಹಿಡಿದ ಮೇಲೆ ಪಕ್ಕದ ಪತ್ರಗಳನ್ನು ಓದುತ್ತ ಹೋದರೆ ಅವಧಿಯ ಪ್ರಶ್ನೆಗೂ ಉತ್ತರವು ದೊರೆಯುತ್ತದೆ.

೪. ಅಕ್ಷರರೂಪದ ಅಭಿಜ್ಞಾನಗಳಲ್ಲಿ ವಿಶೇಷ

ಅನುಕ್ರಮಕ್ಕಾಗಲಿ ವೃಕ್ಷಕ್ಕಾಗಲಿ ಅಭಿಜ್ಞಾನಗಳ ಪೌರ್ವಾಪರ್ಯವು ನಿಶ್ಚಿತವಾಗಿರಬೇಕು. ಸಂಖ್ಯೆಗಳಲ್ಲಿ ಇದಕ್ಕೆ ಸಂದೇಹವಿಲ್ಲ. ಕನ್ನಡದ ಹೆಸರುಗಳನ್ನು ಅಭಿಜ್ಞಾನವಾಗಿ ಮಾಡಿದಾಗ ಎರಡು ತೊಡಕುಗಳು ತಲೆದೋರುತ್ತವೆ.

ಗಣಕವು ಅಕ್ಷರಗಳನ್ನು ಯೂನಿಕೋಡ್ ಎಂಬ ಸಂಕೇತಾಂಕಗಳ ಮೂಲಕ ತಿಳಿಯುತ್ತದೆ. ಅದರಲ್ಲಿ ಳಕಾರವು ಲಕಾರದ ಮುಂದೆಯೇ, ವಕಾರಕ್ಕೆ ಮೊದಲು ಕುಳಿತಿದೆ. ಕನ್ನಡದ ಅಕಾರಾದಿಯಲ್ಲಾದರೋ ಳಕಾರಕ್ಕೆ ಸ್ಥಾನವು ಹಕಾರದ ಮುಂದೆ. ಆದುದರಿಂದ ಸಂಕೇತಾಂಕದಂತೆ ಜೋಡಿಸಿದರೆ ‘ಕಳಸ’ವು ‘ಕವಿ’ಗಿಂತ ಮೊದಲು ಬರುತ್ತದೆ. ಹಳಗನ್ನಡದ ೞಕಾರದ ಸಂಕೇತಾಂಕವು ಸ್ವರಚಿಹ್ನೆಗಳೆಲ್ಲವನ್ನೂ ದಾಟಿ ಮುಂದೆ ಇದೆ; ಇದರ ಫಲವಾಗಿ ‘ಬೞಿಕ’ವು ‘ಬ್ರಹ್ಮ’ಕ್ಕಿಂತಲೂ ಹಿಂದೆ ಬೀಳುತ್ತದೆ. ಶಾಸನಗಳಲ್ಲಿ ೞಕಾರವು ಪದೇಪದೇ ಬರುವುದರಿಂದ ಇದು ಉಪೇಕ್ಷಿಸತಕ್ಕ ವಿಷಯವಲ್ಲ. ನಿಘಂಟಿನ ಕ್ರಮವು ಬೇಕಾದರೆ ಆ ಕ್ರಮವನ್ನು ಗಣಕಕ್ಕೆ ಪ್ರತ್ಯೇಕವಾಗಿ ಬೋಧಿಸಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ಕೊ’ ಎಂಬ ಅಕ್ಷರವನ್ನು ಕಕಾರ ಮತ್ತು ಒಕಾರದ ಚಿಹ್ನೆ ಎಂಬ ಎರಡು ಸಂಕೇತಗಳಿಂದಲೂ ಬರೆಯಬಹುದು. ಕಕಾರ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂಬ ಮೂರು ಸಂಕೇತಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಎರಡು ಬೇರೆ ಅಭಿಜ್ಞಾನಗಳು. ಒಬ್ಬ ಲಿಪಿಕಾರನು ಮೊದಲನೆಯ ವಿಧದಲ್ಲಿ ಸೇರಿಸಿದ ಊರನ್ನು ಮತ್ತೊಬ್ಬನು ಎರಡನೆಯ ವಿಧದಲ್ಲಿ ಹುಡುಕಿದರೆ ‘ಇಲ್ಲ’ ಎಂಬ ಉತ್ತರವು ಬರುತ್ತದೆ. ಸಂಗ್ರಹಕ್ಕೆ ಸೇರಿಸುವ ಮುನ್ನವೂ ಹುಡುಕುವ ಮುನ್ನವೂ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ. ಬೆಳ್ಗೊಳ, ಬೆಳಗೊಳ, ಬೆಳ್ಗುಳ ಎಂಬ ಪಾಠಭೇದಗಳಾದರೋ ಯಂತ್ರದ ದೋಷವಲ್ಲ, ಭಾಷೆಯ ಇತಿಹಾಸ. ಅವುಗಳನ್ನು ಒಂದು ರೂಪಕ್ಕೆ ತಿದ್ದದೆ, ಎಲ್ಲ ರೂಪಗಳೂ ಒಂದೇ ಊರನ್ನು ನಿರ್ದೇಶಿಸುವಂತೆ ಸೂಚಿಯಲ್ಲಿ ಇಡಬೇಕು.

೫. ವಸ್ತುಸಂಗ್ರಹದಲ್ಲಿ ಇವುಗಳ ವಿನಿಯೋಗ

ಮೇಲ್ಕಂಡ ವಿಚಾರಗಳಿಂದ ಫಲಿಸುವ ನಿರ್ಮಾಣಕ್ರಮವು ಇಂತಿದೆ. ಪ್ರತಿಯೊಂದು ಶಾಸನಕ್ಕೂ ಸಂಗ್ರಹಕ್ಕೆ ಸೇರುವಾಗ ಅರ್ಥಶೂನ್ಯವಾದ ಒಂದು ಪೂರ್ಣಾಂಕವನ್ನು ಕೊಡಬೇಕು. ಅದರಲ್ಲಿ ಜಿಲ್ಲೆಯಾಗಲಿ, ರಾಜವಂಶವಾಗಲಿ, ಕಾಲವಾಗಲಿ ಅಡಗಿರಬಾರದು. ಒಮ್ಮೆ ಕೊಟ್ಟ ಅಂಕವನ್ನು ಬದಲಿಸಕೂಡದು. ಆ ಶಾಸನವು ಕೂಟವೆಂದು ಸಿದ್ಧವಾಗಿ ತೆಗೆದುಹಾಕಲ್ಪಟ್ಟರೂ ಅದೇ ಅಂಕವನ್ನು ಮತ್ತೊಂದಕ್ಕೆ ಕೊಡಕೂಡದು. ವಸ್ತುಗಳೆಲ್ಲವೂ ಈ ಅಂಕದ ಒಂದೇ ವೃಕ್ಷದಲ್ಲಿ ನಿಲ್ಲಬೇಕು.

ಊರು, ಅರಸ, ಶಕವರ್ಷ, ಹಳೆಯ ಸಂಪುಟಗಳ ಅಂಕ ಇವೆಲ್ಲಕ್ಕೂ ಪ್ರತ್ಯೇಕ ಸೂಚಿಗಳಿರಬೇಕು; ಆ ಸೂಚಿಗಳು ವಸ್ತುವನ್ನು ನಕಲುಮಾಡದೆ ಅಂಕವನ್ನು ಮಾತ್ರ ತೋರಿಸಬೇಕು. ಶಕವರ್ಷದ ಸೂಚಿಯು ಅವಧಿಯ ಪ್ರಶ್ನೆಗೆ ಉತ್ತರಿಸಬೇಕಾದುದರಿಂದ ವೃಕ್ಷವೇ ಆಗಬೇಕು. ‘ರೈಸ್, ಶ್ರವಣಬೆಳ್ಗೊಳ ೫೪’ ಎಂಬಂತಹ ಹಳೆಯ ಉಲ್ಲೇಖಗಳ ಸೂಚಿಗೆ ನಿಖರವಾದ ಪ್ರಶ್ನೆಯೊಂದೇ ಸಾಕಾದುದರಿಂದ ಗಣನಕ್ರಮವೂ ಸಲ್ಲುತ್ತದೆ. ಶಾಸನದ ಕಾಲವನ್ನು ವಿದ್ವಾಂಸರು ಪುನರ್ನಿರ್ಣಯಿಸಿದಾಗ ಶಕವರ್ಷದ ಸೂಚಿಯಲ್ಲಿ ಹಳೆಯ ನಮೂದನ್ನು ಮೊದಲು ತೆಗೆದು, ಹೊಸದನ್ನು ಆ ಬಳಿಕ ಸೇರಿಸಬೇಕು. ವಸ್ತುವಿನಲ್ಲಿ ಮಾತ್ರ ವರ್ಷವನ್ನು ತಿದ್ದಿ ಸೂಚಿಯನ್ನು ಮರೆತರೆ, ಶಾಸನವು ತಾನಿಲ್ಲದ ವರ್ಷದಲ್ಲಿ ಕಾಣಿಸಿಕೊಂಡು, ಇರುವ ವರ್ಷದಲ್ಲಿ ಕಾಣದೆ ಹೋಗುತ್ತದೆ.

ಪೈಥಾನ್ ಭಾಷೆಯೊಡನೆ ಬಳಕೆಯಲ್ಲಿರುವ ‘ಜೋಪ್ ಆಬ್ಜೆಕ್ಟ್ ಡೇಟಾಬೇಸ್’ ಎಂಬ ವಸ್ತುಸಂಗ್ರಹವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಸಾಮಾನ್ಯ ಕೋಶರೂಪದ ಜೋಡಣೆಯನ್ನಿಟ್ಟರೆ ಅದು ಸಮಗ್ರವಾಗಿ ಒಂದೇ ದಾಖಲೆಯಾಗುತ್ತದೆ. ಒಂದು ನಮೂದನ್ನು ಓದಲು ಎಲ್ಲವನ್ನೂ ತೆರೆಯಬೇಕು, ಒಂದನ್ನು ತಿದ್ದಲು ಎಲ್ಲವನ್ನೂ ಬರೆಯಬೇಕು. ಹತ್ತಾರು ನಮೂದುಗಳಿಗೆ ಇದು ಸಾಕು, ಸಾವಿರಗಳಿಗೆ ಸಲ್ಲದು. ವೃಕ್ಷರೂಪದ ಜೋಡಣೆಯಲ್ಲಿಯಾದರೋ ಪ್ರತಿಯೊಂದು ಪತ್ರವೂ ಪ್ರತ್ಯೇಕ ದಾಖಲೆ. ಬೇಕಾದ ಪತ್ರವನ್ನು ಮಾತ್ರ ತೆರೆದರೆ ಸಾಕು. ಪೂರ್ಣಾಂಕಗಳ ಅಭಿಜ್ಞಾನಕ್ಕೂ ಇತರ ಅಭಿಜ್ಞಾನಕ್ಕೂ ಅಲ್ಲಿ ಬೇರೆ ಬೇರೆ ವೃಕ್ಷಗಳಿವೆ. ಪೂರ್ಣಾಂಕದ ವೃಕ್ಷವು ಸಾಂದ್ರವೂ ಶೀಘ್ರವೂ ಆಗಿರುತ್ತದೆ. ಪೌರ್ವಾಪರ್ಯವು ಸ್ಥಿರವಲ್ಲದ ಅಭಿಜ್ಞಾನವನ್ನು ಅಲ್ಲಿ ಬಳಸಿದರೆ ವೃಕ್ಷವೇ ಕೆಟ್ಟು, ಒಳಗಿರುವ ವಸ್ತುವೂ ಸಿಕ್ಕದೆ ಹೋಗುತ್ತದೆ. ಅನೇಕ ಲಿಪಿಕಾರರು ಏಕಕಾಲದಲ್ಲಿ ಒಂದಾದಮೇಲೊಂದು ಅಂಕವನ್ನು ಪಡೆಯುತ್ತಿದ್ದರೆ ಅವರೆಲ್ಲರೂ ಕೊನೆಯ ಪತ್ರದಲ್ಲಿಯೇ ಬರೆಯಹೋಗಿ ಪರಸ್ಪರ ಅಡ್ಡಿಯಾಗುವರು. ಒಬ್ಬೊಬ್ಬರಿಗೂ ದೂರದೂರದ ಅಂಕಶ್ರೇಣಿಯನ್ನು ಕೊಡುವುದು ಇದಕ್ಕೆ ಉಪಾಯ. ಅಂಕಕ್ಕೆ ಅರ್ಥವಿಲ್ಲದುದರಿಂದ ಇದರಿಂದ ಯಾವ ಹಾನಿಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಅರ್ಥಶೂನ್ಯವಾದ ಅಂಕವು ಯಂತ್ರಕ್ಕೆ ಹಿತ. ಮನುಷ್ಯನಿಗೆ ‘ಬೇಲೂರು’ ಎಂಬ ಮಾತು ಹೇಳುವಷ್ಟನ್ನು ಬರಿಯ ಸಂಖ್ಯೆಯು ಹೇಳದು. ಒಂದು ಅಂಕವು ತಪ್ಪಿ ಅಚ್ಚಾದರೆ ಓದುಗನಿಗೆ ಸಂದೇಹವೂ ಹುಟ್ಟದು ಎಂದು. ಈ ಆಕ್ಷೇಪವು ಯುಕ್ತವೇ. ಆದರೆ ಇದರಿಂದ ಸಿದ್ಧವಾಗುವುದು ಅಂಕದ ಜೊತೆಗೆ ಊರಿನ ಹೆಸರನ್ನೂ ಬರೆಯಬೇಕೆಂಬುದು ಮಾತ್ರ; ಊರಿನ ಹೆಸರನ್ನು ಅಂಕದೊಳಗೆ ಹೆಣೆಯಬೇಕೆಂಬುದಲ್ಲ. ಹೆಸರು ವಿವರಣೆಗೆ, ಅಂಕವು ನಿರ್ದೇಶಕ್ಕೆ. ಎರಡೂ ಜೊತೆಯಲ್ಲಿದ್ದರೆ ಒಂದು ಮತ್ತೊಂದರ ತಪ್ಪನ್ನು ಹೊರಗೆಡಹುತ್ತದೆ. ಒಂದರೊಳಗೊಂದು ಬೆರೆತರೆ ಹೆಸರು ಬದಲಾದ ದಿನ ಅಂಕವೂ ಕೆಡುತ್ತದೆ.

ಉಪಸಂಹಾರ

ಪ್ರಶ್ನೆಗೆ ತಕ್ಕಂತೆ ವಿನ್ಯಾಸವನ್ನು ಆರಿಸಬೇಕು. ನಿಖರವಾದ ಪ್ರಶ್ನೆಗೆ ಗಣನವೂ, ಅವಧಿಯ ಪ್ರಶ್ನೆಗೆ ವೃಕ್ಷವೂ ಯುಕ್ತ. ಯಂತ್ರಗಳು ಮಾರ್ಪಟ್ಟಂತೆ ವಿನ್ಯಾಸಗಳೂ ಮಾರ್ಪಡುತ್ತವೆ, ಅದರಿಂದ ನಷ್ಟವಿಲ್ಲ. ಅಭಿಜ್ಞಾನವಾದರೋ ಯಾವ ಪ್ರಶ್ನೆಗೂ ಯಾವ ಯಂತ್ರಕ್ಕೂ ಅಧೀನವಾಗದೆ ವಸ್ತುವಿನೊಡನೆಯೇ ಉಳಿಯಬೇಕು. ಕನ್ನಡದ ಶಾಸನಗಳಿಗೆ ಈಗಾಗಲೆ ಎರಡು ಮೂರು ತಲೆಮಾರುಗಳ ಅಂಕಗಳಿವೆ. ನೂರು ವರ್ಷಗಳ ವಾದಪ್ರತಿವಾದಗಳು ಅವುಗಳನ್ನೇ ಆಧರಿಸಿ ನಿಂತಿವೆ. ಹೊಸ ಸಂಗ್ರಹವನ್ನು ಕಟ್ಟುವವರು ಹೊಸ ಅಂಕವನ್ನು ಕೊಡುವುದು ಅನಿವಾರ್ಯವಾದರೂ ಹಳೆಯ ಅಂಕಗಳಲ್ಲಿ ಒಂದನ್ನೂ ಕೈಬಿಡುವುದು ಯುಕ್ತವಲ್ಲ. ೧೯೨೩ರ ಸಂಪುಟದಲ್ಲಿ ಅಂಕದ ಪಕ್ಕಕ್ಕೆ ಅಚ್ಚಾದ ಕಂಸವನ್ನು ಪ್ರತಿಯೊಂದು ವಸ್ತುವಿನೊಳಗೂ ಉಳಿಸಿಕೊಂಡ ಸಂಗ್ರಹದಲ್ಲಿ, ೫೪ ಎಂದು ಕೇಳಿದವನಿಗೂ ೬೭ ಎಂದು ಕೇಳಿದವನಿಗೂ ಮಲ್ಲಿಷೇಣಪ್ರಶಸ್ತಿಯೇ ದೊರೆಯುವುದು. ಯಾವ ಆವೃತ್ತಿಯ ೫೪ ಎಂಬುದನ್ನು ಸಂಗ್ರಹವೇ ಕೇಳಿ ತಿಳಿದುಕೊಳ್ಳುವುದು.